ಮೋಗಮ್ ಮಾಮನ ಕೈಗುಣ

ಆರ್ಮೋಗಂ ಮುಟ್ಟಿದ ಪ್ರಯೋಗ ಕೆಡುವುದಿಲ್ಲ ಎಂಬ ಮಾತು ಸುವಾ ಪಟ್ಟಣದ ನಮ್ಮ ಕಾಲೇಜಿನಲ್ಲಿ ಎಷ್ಟು ವರ್ಷದಿಂದ ಓಡಾಡುತ್ತಿತ್ತೆಂದರೆ, ಕೊನೆಕೊನೆಗೆ ಸ್ವತಃ ಆರ್ಮೋಗಂ ಕೂಡ ಅದನ್ನು ಅರ್ಧ ನಂಬಿಬಿಟ್ಟಿದ್ದ. ಅವನು ರಸಾಯನಶಾಸ್ತ್ರದ ಲ್ಯಾಬಿನ ಅಟೆಂಡರ್. ಹತ್ತೊಂಬತ್ತನೇ ವಯಸ್ಸಿಗೆ ಉತ್ತರದ ದ್ವೀಪದ ಲಂಬಾಸಾದಿಂದ ಹಡಗು ಹತ್ತಿ ಬಂದು ಗಾಜು ತೊಳೆಯುವ ಕೆಲಸಕ್ಕೆ ಸೇರಿದವನು ಐವತ್ತೆಂಟಾದರೂ ಅದೇ ಸಿಂಕಿನ ಮುಂದೆ ನಿಂತಿದ್ದ. ಓದಿದ್ದು ಹೈಸ್ಕೂಲಿನ ನಾಲ್ಕನೇ ಫಾರಂ ತನಕ. ಆದರೆ ಚೀಟಿ ಅಳಿಸಿಹೋದ ಬಾಟಲಿಯನ್ನು ಒಮ್ಮೆ ಅಲ್ಲಾಡಿಸಿ ಒಳಗೇನಿದೆ ಎಂದು ಹೇಳುತ್ತಿದ್ದ. ಹುಡುಗರು ಅವನನ್ನು ಮೋಗಮ್ ಮಾಮ ಎನ್ನುತ್ತಿದ್ದರು. ಪರೀಕ್ಷೆಯ ದಿನ ಸಾಲುಗಟ್ಟಿ ಬಂದು ತಮ್ಮ ತಮ್ಮ ಫ್ಲಾಸ್ಕಿಗೆ ಅವನ ಕೈ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಮಾಮನ ಕೈಗುಣ ಅಂಥದ್ದಂತೆ. ಅವನ ಹೆಂಡತಿ ಅಂಜಿಲಮ್ಮ ಇದನ್ನು ಕೇಳಿ ನಕ್ಕಿದ್ದಳು. ಮನೆಯಲ್ಲಿ ಒಂದು ದಿನವೂ ಸಾರಿಗೆ ಉಪ್ಪು ಸರಿಯಾಗಿ ಹಾಕದ ಮನುಷ್ಯ, ಅಲ್ಲಿ ಹೋಗಿ ಕೈಗುಣದವನಾದನೇ ಎಂದು ಅವಳ ಪ್ರಶ್ನೆ.

ಎರಡನೇ ವರ್ಷದ ಮಕ್ಕಳಿಗೆ ಒಂದು ಪ್ರಯೋಗವಿತ್ತು. ಮಾರುಕಟ್ಟೆಯಲ್ಲಿ ಹೆಂಗಸರು ಗುಡ್ಡೆ ಹಾಕಿ ಮಾರುವ ಕಪ್ಪೆಚಿಪ್ಪು ತಂದು, ಮಾಂಸ ಬೇಯಿಸಿ ತಿಂದು, ಚಿಪ್ಪನ್ನು ತೊಳೆದು ಒಣಗಿಸಿ, ವಿದ್ಯುತ್ ಕುಲುಮೆಯಲ್ಲಿ ಒಂಬೈನೂರು ಡಿಗ್ರಿಗೆ ನಾಲ್ಕು ಗಂಟೆ ಸುಡಬೇಕು. ಸುಟ್ಟದ್ದು ಬೆಳ್ಳಗಿನ ಸುಣ್ಣವಾಗುತ್ತದೆ. ಆ ಸುಣ್ಣವೇ ವೇಗವರ್ಧಕ. ಅದನ್ನು ಮೆಥನಾಲಿನ ಜೊತೆ ಕೊಬ್ಬರಿ ಎಣ್ಣೆಗೆ ಹಾಕಿ, ಬಿಸಿ ಮಾಡುತ್ತ ಕಲಕಿದರೆ ಎಣ್ಣೆ ಡೀಸೆಲ್ಲಿನಂತೆ ಉರಿಯುವ ತೆಳು ಇಂಧನವಾಗುತ್ತದೆ. ಜೇನಿನ ಬಣ್ಣದ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಆಯಿತೋ ಇಲ್ಲವೋ ಎಂದು ನೋಡುವ ಪರೀಕ್ಷೆಯೂ ಸುಲಭದ್ದು. ಮೇಲಿನ ಪದರದಿಂದ ಒಂದು ಪಾಲು ತೆಗೆದು ಒಂಬತ್ತು ಪಾಲು ಮೆಥನಾಲಿಗೆ ಸುರಿಯುವುದು. ತಿಳಿಯಾಗಿ ನಿಂತರೆ ಗೆದ್ದ ಹಾಗೆ, ಎಣ್ಣೆಯ ಹನಿ ಕೆಳಗೆ ಕೂತರೆ ಸೋತ ಹಾಗೆ. ವೇಗವರ್ಧಕ ಎಂದರೇನು ಎಂದು ಮಕ್ಕಳು ಕೇಳಿದರೆ ಮೋಗಮ್, ಅದು ಮದುವೆ ದಲ್ಲಾಳಿ ಇದ್ದ ಹಾಗೆ, ಇಬ್ಬರನ್ನೂ ಗಂಟು ಹಾಕಿ ತಾನು ಬಂದ ಹಾಗೇ ಎದ್ದು ಹೋಗುತ್ತದೆ ಎನ್ನುತ್ತಿದ್ದ. ಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಈ ಪ್ರಯೋಗ ಪಾಠಕ್ಕೆ ಹೊಸದಾಗಿ ಸೇರಿದ ವರ್ಷವೇ, ಕುಲುಮೆಯ ತಂತಿ ಸುಟ್ಟು, ಆರುನೂರು ಡಿಗ್ರಿಯ ಮೇಲೆ ಏರದಂತಾಯಿತು. ಹೊಸ ತಂತಿ ಆಸ್ಟ್ರೇಲಿಯಾದಿಂದ ಬರಬೇಕು. ಬರುತ್ತದೆ, ಬರುತ್ತದೆ ಎನ್ನುವುದರಲ್ಲೇ ಪರೀಕ್ಷೆ ಬಂತು. ಅರೆಬೆಂದ ಚಿಪ್ಪು ಬೂದು ಬಣ್ಣಕ್ಕಿತ್ತು, ನೀರು ಹಾಕಿದರೆ ಸುಂಯ್ ಎನ್ನಲೂ ಇಲ್ಲ. ಇಪ್ಪತ್ತನಾಲ್ಕು ಮಕ್ಕಳ ಇಪ್ಪತ್ತನಾಲ್ಕು ಫ್ಲಾಸ್ಕಿನಲ್ಲೂ ಎಣ್ಣೆ ಎಣ್ಣೆಯಾಗಿಯೇ ಉಳಿಯಿತು. ಒಬ್ಬಳು ಹುಡುಗಿ ಸಿಂಕಿಗೆ ಒರಗಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮೋಗಮ್‌ಗೆ ನೋಡಲಾಗಲಿಲ್ಲ. ಮರುದಿನ ಮತ್ತೆ ಮಾಡಿಸುವಾಗ, ಮಕ್ಕಳು ಬರುವ ಮೊದಲೇ ಮೆಥನಾಲಿನ ದೊಡ್ಡ ಬಾಟಲಿಗೆ ಎರಡು ಚಮಚ ಕಾಸ್ಟಿಕ್ ಸೋಡಾ ಹಾಕಿ ಕರಗಿಸಿಟ್ಟ. ಕಾಸ್ಟಿಕ್ ಕೂಡ ಅದೇ ಕೆಲಸ ಮಾಡುತ್ತದೆ, ಸುಣ್ಣಕ್ಕಿಂತ ಎಷ್ಟೋ ಬೇಗ ಮಾಡುತ್ತದೆ, ಕರಗಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಒಂದೇ ಗಂಟೆಯಲ್ಲಿ ಎಲ್ಲರ ಫ್ಲಾಸ್ಕಿನಲ್ಲೂ ಎರಡು ಪದರ ಬಂತು. ಅತ್ತ ಹುಡುಗಿ ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಕೈಗುಣದ ಮಾತು ಹುಟ್ಟಿದ್ದು ಆ ದಿನ.

ಮೂರು ವರ್ಷ ಕಳೆದು ಹೊಸ ಕುಲುಮೆಯೇ ಬಂತು. ಸುಣ್ಣ ಬೆಳ್ಳಗೆ ಬರತೊಡಗಿತು, ನೀರು ಹನಿಸಿದರೆ ಸಿಡಿಯುತ್ತಿತ್ತು. ಆಗ ನಿಲ್ಲಿಸಬೇಕಿತ್ತು. ನಿಲ್ಲಿಸಿ ನೋಡಿ, ಒಂದು ವೇಳೆ ಆಗದಿದ್ದರೆ? ಆ ಒಂದು ವೇಳೆಗೆ ಅವನು ಹೆದರಿದ. ವರ್ಷಕ್ಕೆ ಎರಡು ಚಮಚ, ಅಷ್ಟೇ ತಾನೆ ಎಂದುಕೊಂಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ, ಏಕೆಂದರೆ ವಿಷಯ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಬಂದ ಡಾಕ್ಟರ್ ಶೈರೀನ್ ಬುಕ್ಷ್ ಮೇಡಂ ಲ್ಯಾಬಿನ ಕೈಪಿಡಿಯನ್ನು ಹೊಸದಾಗಿ ಬರೆದರು. ಮಕ್ಕಳ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತರಿಸಿ ನೋಡಿ, ಚಿಪ್ಪಿನ ಸುಣ್ಣ, ಒಂದು ಗಂಟೆ ಎಂದು ಅಚ್ಚು ಹಾಕಿಸಿದರು. ಪ್ರಾಮಾಣಿಕ ಹೆಂಗಸು, ಕಂಡದ್ದನ್ನು ಬರೆದರು.

ಉಲಾಮಿಲಾ ಬಂದದ್ದು ಇದಾದ ಎಷ್ಟೋ ವರ್ಷಕ್ಕೆ. ಪೂರ್ವದ ಲಾವು ದ್ವೀಪಗಳ ಕಡೆಯವಳು. ಎತ್ತರದ, ಮಾತು ಕಮ್ಮಿಯ ಹುಡುಗಿ; ಸುವಾದ ಅಂಚಿನ ನಸೀನುವಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಎರಡನೇ ವರ್ಷದಲ್ಲಿ ಈ ಪ್ರಯೋಗ ಮಾಡಿದ ದಿನ ಎಲ್ಲರೂ ಮನೆಗೆ ಹೋದರೂ ಅವಳೊಬ್ಬಳು ಫ್ಲಾಸ್ಕಿನ ಮುಂದೆ ಕೂತೇ ಇದ್ದಳು. ಅವಳ ಊರಿನಲ್ಲಿ ತೆಂಗಿಗೆ ಬರವಿಲ್ಲ, ಚಿಪ್ಪು ದಡದ ತುಂಬ ಬಿದ್ದಿದೆ. ಇಲ್ಲದ್ದು ಡೀಸೆಲ್. ಹಡಗು ತಪ್ಪಿದ ತಿಂಗಳು ಜನರೇಟರ್ ನಿಲ್ಲುತ್ತದೆ, ಆಸ್ಪತ್ರೆಯ ಫ್ರಿಜ್ಜಿನಲ್ಲಿರುವ ಔಷಧ ಕೆಡುತ್ತದೆ. ಹಾಗೆ ಕೆಟ್ಟ ಔಷಧದ ಕಾರಣಕ್ಕೆ ಅವಳ ಚಿಕ್ಕಮ್ಮ ಬಾಣಂತನದಲ್ಲಿ ತೀರಿಕೊಂಡಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಉಲಾಮಿಲಾ ಬೇರೆ ವಿಷಯವನ್ನು ಯೋಚಿಸಲೇ ಇಲ್ಲ. ತನ್ನೂರಿನ ಚಿಪ್ಪಿನಿಂದ ವೇಗವರ್ಧಕ ಮಾಡಿ ಪರೀಕ್ಷಿಸುತ್ತೇನೆ ಎಂದು ಬರೆದುಕೊಟ್ಟಳು. ರಜೆಯಲ್ಲಿ ಊರಿಗೆ ಹೋಗಿ ಮುಖ್ಯಸ್ಥನ ಮುಂದೆ ಕಾಣಿಕೆಯ ಯಂಗೋನ ಬೇರಿನ ಕಟ್ಟು ಇಟ್ಟು, ಈ ಚಿಪ್ಪಿನಿಂದ ಊರಿಗೆ ಇಂಧನ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟು, ಊರಿನ ಒಪ್ಪಿಗೆ ಪಡೆದಳು. ಹೆಂಗಸರು ಚಿಪ್ಪು ಆರಿಸಿ ಆರು ಮೂಟೆ ಹಡಗಿಗೆ ಹಾಕಿದರು.

ಮೂಟೆಗಳು ಲ್ಯಾಬಿನ ಬಾಗಿಲಿಗೆ ಬಂದ ದಿನವೇ ಮೋಗಮ್‌ನ ಕಣ್ಣು ಮೆಥನಾಲಿನ ಕಪಾಟಿನ ಕಡೆ ಹೋಯಿತು. ಪ್ರಾಜೆಕ್ಟಿನ ಮಕ್ಕಳಿಗೆ ದೊಡ್ಡ ಬಾಟಲಿಯ ಮೆಥನಾಲ್ ಕೊಡುವುದಿಲ್ಲ, ಸೀಲು ಒಡೆಯದ ಹೊಸ ಬಾಟಲಿ ಕೊಡುತ್ತಾರೆ. ಎರಡು ಚಮಚಕ್ಕೆ ಅಲ್ಲಿ ದಾರಿಯಿರಲಿಲ್ಲ. ಇದ್ದರೂ, ಅವಳ ಇಂಧನದ ಮಾದರಿ ಕೊನೆಯಲ್ಲಿ ತಪಾಸಣೆಗೆಂದು ಬ್ರಿಸ್ಬೇನಿನ ಲ್ಯಾಬಿಗೆ ಹೋಗುತ್ತದೆ. ಅಲ್ಲಿಯ ಯಂತ್ರ ಕಾಸ್ಟಿಕ್ಕಿನ ಸೋಡಿಯಂ ಅನ್ನು ಕೂದಲೆಳೆಯಷ್ಟಿದ್ದರೂ ಹಿಡಿಯುತ್ತದೆ.

ಜುಲೈನಲ್ಲಿ ಸುಟ್ಟ ಮೊದಲ ಸುಣ್ಣ ಹಾಲಿನಷ್ಟು ಬೆಳ್ಳಗಿತ್ತು. ಸುವಾದ ಗಾಳಿಯ ತೇವಕ್ಕೆ ಸುಣ್ಣ ಸತ್ತುಹೋಗುತ್ತದೆ, ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಬೇಕು ಎಂದು ಹೇಳಿಕೊಟ್ಟವನು ಮೋಗಮ್. ಅಷ್ಟನ್ನು ಮಾತ್ರ ಹೇಳಿಕೊಟ್ಟ. ಅವಳು ಕೈಪಿಡಿಯಂತೆ ಒಂದು ಗಂಟೆ ಕಲಕಿದಳು. ಎಣ್ಣೆ ಎಣ್ಣೆಯಾಗಿಯೇ ಇತ್ತು. ಎರಡು ಗಂಟೆ ಬಿಟ್ಟಳು. ಪರೀಕ್ಷೆಯಲ್ಲಿ ಹನಿ ತಳಕ್ಕೆ ಕೂತಿತು. ಚಿಪ್ಪನ್ನು ಇನ್ನೂ ನುಣ್ಣಗೆ ಕುಟ್ಟಿದಳು, ಜರಡಿ ಬದಲಿಸಿದಳು, ಸುಣ್ಣ ಹೆಚ್ಚು ಮಾಡಿದಳು, ಎಣ್ಣೆಯನ್ನು ಕಾಯಿಸಿ ತೇವ ತೆಗೆದಳು. ಆಗಸ್ಟ್ ಮುಗಿಯುವ ಹೊತ್ತಿಗೆ ಹನ್ನೊಂದು ಸಲ, ಸೆಪ್ಟೆಂಬರಿನಲ್ಲಿ ಮತ್ತೆ ಎಂಟು ಸಲ. ಪ್ರತಿಸಲವೂ ಎರಡು ಗಂಟೆಗೆ ಒಲೆ ಆರಿಸುತ್ತಿದ್ದಳು. ಒಂದು ಗಂಟೆಯ ಕೆಲಸಕ್ಕೆ ಎರಡು ಗಂಟೆ ಕೊಟ್ಟ ಮೇಲೂ ಆಗದಿದ್ದರೆ ಅದು ಆಗುವುದೇ ಇಲ್ಲ ಎಂದು ಯಾರಾದರೂ ತಿಳಿಯುತ್ತಾರೆ.

ಕೈಪಿಡಿಯಲ್ಲೇ ಏನೋ ತಪ್ಪಿರಬಹುದೇ ಎಂದು ಅವಳು ಒಮ್ಮೆ ಮೇಡಂ ಹತ್ತಿರ ಮೆಲ್ಲಗೆ ಕೇಳಿದಳು. ಮೇಡಂ ಕೆಟ್ಟವರಲ್ಲ, ಆದರೆ ಆ ವಾರ ಅವರ ಮೇಜಿನ ಮೇಲೆ ಅರವತ್ತು ಉತ್ತರಪತ್ರಿಕೆಗಳಿದ್ದವು.

"ಎರಡನೇ ವರ್ಷದ ಮಕ್ಕಳಿಗೆ ಒಂದು ಗಂಟೇಲಿ ಬರುತ್ತೆ, ವರ್ಷಾ ವರ್ಷಾ ಬರುತ್ತೆ," ಎಂದರು. "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಕೈ ಸರಿ ಮಾಡ್ಕೋ ಮೊದ್ಲು."

ಮೋಗಮ್ ಸಿಂಕಿನ ಮುಂದೆ ಬೀಕರ್ ತೊಳೆಯುತ್ತಿದ್ದ. ತೊಳೆದ ಬೀಕರನ್ನೇ ಮತ್ತೆ ತೊಳೆದ. ಹೇಳಬೇಕಾದ್ದು ಒಂದೇ ವಾಕ್ಯ. ಹೇಳಿದರೆ ಹನ್ನೊಂದು ವರ್ಷಗಳಿಂದ ಇಲ್ಲಿ ಓದಿಹೋದ ಮಕ್ಕಳೆಲ್ಲ ತನ್ನನ್ನು ಕಳ್ಳನೆನ್ನುತ್ತಾರೆ, ಮುಟ್ಟಿಸಿಕೊಂಡು ಹೋದ ಕೈಯನ್ನು ನೆನೆದು ನಗುತ್ತಾರೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಆ ಕೈಗುಣವೊಂದನ್ನು ಬಿಟ್ಟರೆ ಮನೆಗೆ ಒಯ್ಯಲು ಅವನ ಬಳಿ ಬೇರೆ ಏನಿತ್ತು?

ಮಾರನೇ ದಿನ ಬೆಳಿಗ್ಗೆ ಬೇಗ ಬಂದು ಕಾಸ್ಟಿಕ್ ಡಬ್ಬಿಯಿಂದ ಒಂದು ಚಮಚ ತೆಗೆದ. ಬ್ರಿಸ್ಬೇನ್ ಏನಾದರೂ ಹೇಳಲಿ, ಹುಡುಗಿಯ ಮುಖದಲ್ಲಿ ಒಂದು ದಿನವಾದರೂ ಗೆಲುವು ಬರಲಿ ಎಂದು. ಅವಳ ಬಾಟಲಿಯ ಸೀಲು ಹೇಗೂ ಒಡೆದಿತ್ತು. ಮುಚ್ಚಳ ತಿರುಗಿಸುವಷ್ಟರಲ್ಲಿ ಅವಳೇ ಒಳಗೆ ಬಂದಳು, ಮಾಮ ಇಷ್ಟು ಬೇಗ ಬಂದಿರಾ ಎಂದಳು. ಚಮಚವನ್ನು ಹಾಗೇ ಪ್ಯಾಂಟಿನ ಜೇಬಿಗೆ ಇಳಿಸಿದ. ಬೆವರಿಗೆ ಕಾಸ್ಟಿಕ್ ನೀರೊಡೆದು ತೊಡೆಯನ್ನು ಸುಡುತ್ತಿತ್ತು. ಅವಳು ಕಿಟಕಿಗಳನ್ನೆಲ್ಲ ತೆರೆದು, ಕೋಟು ಹಾಕಿಕೊಂಡು, ಅವನ ಹೆಂಡತಿಯ ಆರೋಗ್ಯ ವಿಚಾರಿಸಿ ಮುಗಿಸುವವರೆಗೂ ನಗುತ್ತ ನಿಂತಿದ್ದ. ಆ ಗಾಯ ಮಾಯಲು ಮೂರು ವಾರ ಹಿಡಿಯಿತು.

ಇಪ್ಪತ್ತನೇ ಸಲಕ್ಕೆ ಅವಳು ಫ್ಲಾಸ್ಕನ್ನು ಅವನ ಮುಂದೆ ಇಟ್ಟಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಮಾಮ, ನನ್ನ ಕೈಯಲ್ಲಿ ಆಗ್ತಿಲ್ಲ. ನೀವೇ ಬೆರೆಸಿಕೊಡಿ ಒಂದ್ಸಲ. ಎಲ್ರಿಗೂ ಮುಟ್ಟಿಕೊಡ್ತೀರಲ್ಲ."

ಬೇಡ ಎನ್ನಲು ಆಗಲಿಲ್ಲ. ಸುಣ್ಣ ಅವನೇ ತೂಗಿದ, ಮೆಥನಾಲ್ ಅವನೇ ಅಳೆದ, ಎಣ್ಣೆ ಅವನೇ ಸುರಿದ. ಎರಡು ಗಂಟೆ ಇಬ್ಬರೂ ಸ್ಟೂಲಿನ ಮೇಲೆ ಕೂತು ಫ್ಲಾಸ್ಕು ನೋಡಿದರು. ಅವಳು ಪ್ರಾರ್ಥನೆ ಮಾಡುತ್ತಿದ್ದಳು; ತುಟಿ ಅಲ್ಲಾಡುತ್ತಿತ್ತು. ಅವನೂ ದೇವರನ್ನು ಕೇಳಿದ. ಒಂದೇ ಒಂದು ಸಲ ನಿಜಕ್ಕೂ ಕೈಗುಣ ಕೊಡಪ್ಪ, ಆಮೇಲೆ ಈ ಕೈ ಬಿದ್ದುಹೋದರೂ ಸರಿ ಎಂದು. ಪರೀಕ್ಷೆಯ ಕೊಳವೆಯಲ್ಲಿ ಎಣ್ಣೆಯ ಹನಿಗಳು ಒಂದರ ಹಿಂದೊಂದು ತಳಕ್ಕಿಳಿದವು.

ಉಲಾಮಿಲಾ ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಆಮೇಲೆ, "ನಿಮ್ಮ ಕೈಯಲ್ಲೂ ಆಗ್ಲಿಲ್ಲ ಅಂದ್ರೆ ತಪ್ಪು ನಂದಲ್ಲ," ಎಂದಳು. "ನಮ್ಮೂರ ಚಿಪ್ಪಿಂದೇ ತಪ್ಪು. ಅಲ್ವಾ ಮಾಮ?"

ಈ ಕಥೆಯಲ್ಲಿ ಅವನಿಗೆ ಕೊನೆಯ ಬಾಗಿಲು ತೆರೆದದ್ದು ಇಲ್ಲಿಯೇ. ಹುಡುಗಿ ನೇರವಾಗಿ ಕೇಳಿದ್ದಳು. ಅವನು ನೆಲ ನೋಡಿಕೊಂಡು, "ಇರಬಹುದು ಮಗಳೇ," ಎಂದ.

ಅವಳು ಊರಿಗೆ ಕಾಗದ ಬರೆದಳು: ನಮ್ಮ ಚಿಪ್ಪಿನಲ್ಲಿ ಸತ್ವವಿಲ್ಲ, ನಾನು ಕೊಟ್ಟ ಮಾತು ಸುಳ್ಳಾಯಿತು, ಕ್ಷಮಿಸಿ. ಪ್ರಾಜೆಕ್ಟಿನ ವರದಿ ಕೊಡಲಿಲ್ಲ. ಇನ್ನೊಂದು ವರ್ಷ ಕೂತು ಬೇರೆ ವಿಷಯ ಮಾಡು ಎಂದು ಮೇಡಂ ನಿಜವಾದ ಕಳಕಳಿಯಿಂದಲೇ ಹೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು, ಕಾಲೇಜಿನಿಂದ ಹೆಸರು ತೆಗೆಸಿಕೊಂಡಳು, ಕಲಾಂಬುವಿನ ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿದಳು. ಊರಿನ ಮುಖ್ಯಸ್ಥನ ಮುಂದೆ ಯಂಗೋನ ಇಟ್ಟು ಹೇಳಿದ ಮಾತನ್ನು ಉಳಿಸಿಕೊಳ್ಳಲಾಗದವಳು ಪದವಿ ಹಿಡಿದು ಆ ದಡಕ್ಕೆ ಹೇಗೆ ಇಳಿಯುತ್ತಾಳೆ? ಹೊರಗಿನವರಿಗೆ ಇದು ಹುಚ್ಚುತನವೆನ್ನಿಸಬಹುದು, ಅಲ್ಲಿ ಹುಟ್ಟಿದವರಿಗೆ ಅನ್ನಿಸುವುದಿಲ್ಲ.

ದೀಪಾವಳಿಯ ರಜಾ ದಿನ ಮೋಗಮ್ ಯಾರಿಗೂ ಹೇಳದೆ ಲ್ಯಾಬಿಗೆ ಹೋದ. ಹಬ್ಬದ ದಿನವೂ ಗಾಜು ತೊಳೆಯುವ ಗಂಡಸು ಊರಲ್ಲಿ ಇನ್ನೊಬ್ಬನಿಲ್ಲ ಎಂದು ಅಂಜಿಲಮ್ಮ ಬೈದೇ ಕಳಿಸಿದಳು. ಉಲಾಮಿಲಾ ಬಿಟ್ಟುಹೋದ ಡಬ್ಬಿಯಲ್ಲಿ ಸುಣ್ಣ ಉಳಿದಿತ್ತು, ಮುಚ್ಚಳ ಬಿಗಿಯಾಗಿಯೇ ಇತ್ತು. ಸೀಲಿರುವ ಹೊಸ ಮೆಥನಾಲ್ ಒಡೆದ. ಅವನಿಗೆ ಬೇಕಾಗಿದ್ದು ಸೋಲು. ಎಷ್ಟು ಹೊತ್ತು ಕಲಕಿದರೂ ಆಗುವುದಿಲ್ಲ, ನಾನು ಹೇಳಿದ್ದರೂ ಅವಳಿಗೆ ಉಪಯೋಗವಾಗುತ್ತಿರಲಿಲ್ಲ ಎಂದು ಕಣ್ಣಾರೆ ನೋಡಿದರೆ ಮಲಗಿದಾಗ ನಿದ್ದೆ ಬಂದೀತು ಎಂದು ಆಸೆ. ಬೆಳಿಗ್ಗೆ ಎಂಟಕ್ಕೆ ಒಲೆ ಹೊತ್ತಿಸಿದ. ಒಂಬತ್ತಾಯಿತು, ಹತ್ತಾಯಿತು, ಹನಿ ತಳಕ್ಕೆ ಕೂತಿತು. ಸಮಾಧಾನದ ಉಸಿರು ಬಿಟ್ಟು, ಇರಲಿ ಎಂದು ಹಾಗೇ ಬಿಟ್ಟ. ಹನ್ನೆರಡಕ್ಕೆ ತೆಗೆದು ನೋಡಿದಾಗ ಹನಿ ಚಿಕ್ಕದಾಗಿತ್ತು. ಅವನು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮಧ್ಯಾಹ್ನ ಒಂದಕ್ಕೆ ಕೊಳವೆ ಬರೀ ಮಬ್ಬಾಗಿತ್ತು. ಎರಡಕ್ಕೆ, ಆರು ಗಂಟೆ ತುಂಬಿದಾಗ, ಕೊಳವೆ ತಿಳಿಯಾಗಿ ನಿಂತಿತು. ಒಲೆ ಆರಿಸಿ ಕಾದ. ಫ್ಲಾಸ್ಕಿನ ತಳದಲ್ಲಿ ಜೇನಿನ ಬಣ್ಣ ನಿಧಾನವಾಗಿ ಇಳಿದು ಕೂತಿತು.

ಊರಿನ ಚಿಪ್ಪು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಅದರ ಹೊತ್ತು ಬೇಕಿತ್ತು, ಅಷ್ಟೇ. ಒಂದು ಗಂಟೆ ಎಂದು ಅವಳಿಗೆ ಕಲಿಸಿದ್ದು ಅವನ ಎರಡು ಚಮಚ. ಆ ಎರಡು ಚಮಚ ಇರದಿದ್ದರೆ ಯಾವುದೋ ವರ್ಷ ಯಾವುದೋ ಮಕ್ಕಳು ಬೇಸತ್ತು ಫ್ಲಾಸ್ಕನ್ನು ಹಾಗೇ ಬಿಟ್ಟು ಊಟಕ್ಕೆ ಹೋಗಿ ಬಂದು ಇದನ್ನು ಕಂಡುಕೊಳ್ಳುತ್ತಿದ್ದರು, ಕೈಪಿಡಿಯಲ್ಲಿ ಆರು ಗಂಟೆ ಎಂದಿರುತ್ತಿತ್ತು, ಹುಡುಗಿ ಈಗ ಪದವೀಧರೆಯಾಗಿರುತ್ತಿದ್ದಳು. ಮೋಗಮ್ ನೆಲದ ಮೇಲೆ ಕೂತುಬಿಟ್ಟ.

ಮೇಡಂಗೆ ಮರುದಿನವೇ ಎಲ್ಲ ಹೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಂಕಪಟ್ಟಿಗೆ ಸಹಿ ಬಿದ್ದಾಗಿದೆ, ಹೆಸರು ತೆಗೆಸಿಕೊಂಡವಳನ್ನು ಮತ್ತೆ ಸೇರಿಸಿಕೊಳ್ಳಬೇಕಾದರೆ ಅವಳೇ ಬಂದು ಅರ್ಜಿ ಹಾಕಬೇಕು, ಹಾಕಿದರೆ ನಾನು ನಿಲ್ಲುತ್ತೇನೆ ಎಂದರು. ಕುಣೀಲಾರದವಳು ಅಂದುಬಿಟ್ಟೆನಲ್ಲ ಎಂದು ಒಮ್ಮೆ ತಮಗೆ ತಾವೇ ಹೇಳಿಕೊಂಡರು. ಅವನನ್ನು ಬೈಯಲಿಲ್ಲ. ಹೋಗಿ ಅವಳನ್ನು ಕರೆದುಕೊಂಡು ಬಾ ಎಂದಷ್ಟೇ ಅಂದರು.

ಇಲ್ಲಿ ಆರ್ಮೋಗಂ ತಿಳಿದವನಾಗಿದ್ದಕ್ಕೇ ತಪ್ಪಿದ. ಸುಮ್ಮನೆ ಕಾರ್ಖಾನೆಯ ಗೇಟಿನಲ್ಲಿ ನಿಂತು ಆರು ಗಂಟೆ ಎಂಬ ಎರಡು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನಲವತ್ತು ವರ್ಷ ಉಲಾಮಿಲಾಳ ಜನರ ನಡುವೆ ಬಾಳಿದವನು. ದೊಡ್ಡ ತಪ್ಪಿಗೆ ತಪ್ಪುಕಾಣಿಕೆ ಇಡದೆ ಮುಖ ತೋರಿಸಬಾರದು ಎಂದು ಅವನಿಗೆ ಗೊತ್ತಿತ್ತು. ಕಾಲೇಜಿನ ಕಾವಲುಗಾರ ಅಪೆನಿಸಾನನ್ನು ಮಾತಾಡಲು ಕರೆದುಕೊಂಡ. ಇಂಥ ಕಡೆ ತಪ್ಪು ಮಾಡಿದವನು ಬಾಯಿ ಬಿಡಬಾರದು, ಬೇರೆಯವನು ಮಾತಾಡಬೇಕು. ದಾರಿಯಲ್ಲಿ ಅಪೆನಿಸಾ, "ನೀನು ತಲೆ ತಗ್ಗಿಸಿ ಕೂತ್ಕೋ ಮಾರಾಯ, ಮಿಕ್ಕಿದ್ದು ನಂಗೆ ಬಿಡು. ಒಳ್ಳೇ ಬೇರು ತಂದಿದ್ದೀಯ, ಬೇಡ ಅನ್ನಲ್ಲ," ಎಂದು ಧೈರ್ಯ ಹೇಳಿದ.

ನಸೀನುವಿನ ಮನೆಯಲ್ಲಿ ಉಲಾಮಿಲಾಳ ಸೋದರಮಾವ ಚಾಪೆಯ ಮೇಲೆ ಕೂತಿದ್ದ. ಹಡಗುಕಟ್ಟೆಯಲ್ಲಿ ದುಡಿದ ದೊಡ್ಡ ಮೈಯ, ಮೆದು ದನಿಯ ಮನುಷ್ಯ. ಇವರಿಬ್ಬರೂ ಬಾಗಿಲ ಹತ್ತಿರವೇ ಕೂತರು. ಯಂಗೋನದ ಕಟ್ಟನ್ನು ಮುಂದಿಟ್ಟು ಅಪೆನಿಸಾ ಸೊಗಸಾಗಿ ಮಾತಾಡಿದ. ಈ ಮುದುಕ ಅಂಜಿಕೆಯಿಂದ ಒಂದು ಸುಳ್ಳನ್ನು ವರ್ಷಗಟ್ಟಲೆ ಸಾಕಿದ, ಆ ಸುಳ್ಳು ನಿಮ್ಮ ಮನೆಯ ಮಗಳ ಓದು ಕೆಡಿಸಿತು, ಇವನು ನಿಮ್ಮ ಹೊಸ್ತಿಲಲ್ಲಿ ಮಣ್ಣಾಗಿ ಬಿದ್ದಿದ್ದಾನೆ, ಎತ್ತುವುದು ತುಳಿಯುವುದು ನಿಮ್ಮ ಕೈಯಲ್ಲಿದೆ ಎಂದ. ಮೋಗಮ್ ತಲೆ ತಗ್ಗಿಸಿ ಅಳುತ್ತಿದ್ದ. ಆರು ಗಂಟೆಯ ವಿಷಯ ಅಪೆನಿಸಾನ ಮಾತಿನಲ್ಲಿ ಬರಲಿಲ್ಲ. ಗಂಟೆಗಳ ಲೆಕ್ಕ ಇಂಥ ಮಾತಿನಲ್ಲಿ ಹೊಂದುವುದಿಲ್ಲ. ಮೂಲೆಯಲ್ಲಿ ಕಾರ್ಖಾನೆಯ ನೀಲಿ ಅಂಗಿ ತೊಟ್ಟು ಉಲಾಮಿಲಾ ಕೂತು ಕೇಳುತ್ತಿದ್ದಳು.

ಮಾವ ಬಗ್ಗಿ ಬೇರಿನ ಕಟ್ಟನ್ನು ಮುಟ್ಟಿದ. ಅಂಗೈ ಬಾಗಿಸಿ ಮೂರು ಸಲ ಚಪ್ಪಾಳೆ ತಟ್ಟಿದ. "ತಗೊಂಡೆ. ತಪ್ಪನ್ನ ಇಲ್ಲೇ ಹೂತೆ," ಎಂದ. ಅವನ ಕಣ್ಣಲ್ಲೂ ನೀರಿತ್ತು. ಬೇರನ್ನು ಕುಟ್ಟಿ ನೀರಿನಲ್ಲಿ ಕಲಸಿ ಎಲ್ಲರಿಗೂ ತೆಂಗಿನ ಚಿಪ್ಪಿನಲ್ಲಿ ಕುಡಿಯಲು ಕೊಟ್ಟರು. ಎರಡನೇ ಸುತ್ತಿನಲ್ಲಿ ಮೋಗಮ್ ಧೈರ್ಯ ಮಾಡಿ, ಇನ್ನೊಂದು ಮಾತಿದೆ, ಆ ಚಿಪ್ಪಿನ ಸುಣ್ಣ ನಿಜವಾಗಿ, ಎಂದು ಶುರು ಮಾಡಿದ. ಮಾವ ಅವನ ಮಂಡಿಯ ಮೇಲೆ ಕೈಯಿಟ್ಟು ತಡೆದ.

"ಹೂತಾಯ್ತಣ್ಣ. ಹೂತದ್ದನ್ನ ಕೆದಕಬಾರ್ದು. ಕೆದಕಿದ್ರೆ ನಿಂಗೂ ಒಳ್ಳೇದಲ್ಲ, ಮಗೂಗೂ ಒಳ್ಳೇದಲ್ಲ. ಇನ್ನು ಈ ಮನೇಲಿ ಆ ಕಾಲೇಜಿನ ಮಾತಿಲ್ಲ."

ಮಧ್ಯಾಹ್ನದ ಪಾಳಿಗೆ ಹೊತ್ತಾಯಿತೆಂದು ಉಲಾಮಿಲಾ ಎದ್ದಳು. ಮೋಗಮ್ ಅವಳ ಹಿಂದೆಯೇ ಬಸ್ ನಿಲ್ದಾಣದವರೆಗೆ ಓಡುನಡಿಗೆಯಲ್ಲಿ ಬಂದ, ಏದುಸಿರಿನಲ್ಲೇ ಎಲ್ಲ ಹೇಳಿದ. ನಿನ್ನ ಸುಣ್ಣ, ನೀನು ಸುಟ್ಟದ್ದೇ, ನಿನ್ನ ಡಬ್ಬಿಯದೇ, ತಿಳಿಯಾಗಿ ನಿಂತಿತು, ಮೇಡಂ ಅರ್ಜಿ ಹಾಕು ಅಂದಿದ್ದಾರೆ.

"ಎಷ್ಟು ಗಂಟೆ ಅಂದ್ರಿ?"

"ಆರು."

ಅವಳು ರಸ್ತೆಯ ಕಡೆ ನೋಡುತ್ತ ನಿಂತಳು. ಅರ್ಜಿಯ ಮಾತಿಗೆ ಅಡ್ಡಡ್ಡ ತಲೆಯಾಡಿಸಿದಳು. ಆಗುವುದಿಲ್ಲ ಎಂದಳು. ಅರ್ಜಿಯಲ್ಲಿ ಕಾರಣ ಬರೆಯಬೇಕು, ಕಾರಣ ಬರೆದರೆ ಹೂತದ್ದನ್ನು ಎತ್ತಿದ ಹಾಗೆ, ಮಾವ ಮುಟ್ಟಿದ ಬೇರನ್ನು ತಾನು ಒದ್ದ ಹಾಗೆ. ಊರಿಗೆ ಹೇಳುವುದಕ್ಕೂ ಅದೇ ಅಡ್ಡ.

"ನೀವು ಒಬ್ರೇ ಬಂದು ಹೇಳಿದ್ರೆ ನಾನು ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈತಿದ್ದೆ ಮಾಮ," ಎಂದಳು. "ಬೈದು, ನಿಮ್ಮ ಜೊತೆಗೇ ವಾಪಸ್ ಬರ್ತಿದ್ದೆ. ಈಗ ಕ್ಷಮಿಸಿ ಆಗಿದೆ. ಇನ್ನು ನಂಗೆ ಬೈಯೋಕೂ ಇಲ್ಲ, ಬರೋಕೂ ಇಲ್ಲ."

ಕಲಾಂಬುವಿನ ಬಸ್ಸು ಬಂತು. ಕ್ಷಮಿಸಿದ ಮನೆಯವರು ಮಾಡಬೇಕಾದಂತೆ ಅವನ ಕೆನ್ನೆಗೆ ಕೆನ್ನೆ ತಾಗಿಸಿ, ಹುಷಾರಾಗಿ ಹೋಗಿ ಎಂದು ಹೇಳಿ, ಅವಳು ಬಸ್ಸು ಹತ್ತಿದಳು.